ಅಪ್‌ಡೇಟ್: ಪುಣೆ ಫ್ಲಾಟ್‌ಗೆ ಹೆಂಡತಿಯ ಹೆಸರು ಸೇರಿತು
ಹೋಮ್ ಲೋನ್ ಇನ್ನೂ ಬಾಕಿ ಇರುವ ನಮ್ಮ ಕೋಥ್ರೂಡ್ ಫ್ಲಾಟ್‌ಗೆ ಹೆಂಡತಿಯ ಹೆಸರು ಸೇರಿಸುವುದು ಹೇಗೆ ಅಂತ ಕೇಳಿದ್ದೆ. ಕೆಲಸ ಆಯ್ತು!

ಹೌಸಿಂಗ್ ಸೊಸೈಟಿಯಲ್ಲಿ ಅವಳನ್ನು ಅಸೋಸಿಯೇಟ್ ಮೆಂಬರ್ (ಸಹ ಸದಸ್ಯೆ) ಮಾಡಿದರೆ ಸಾಕು ಅಂದಿದ್ದರು ಕೆಲವರು. ಅದರಿಂದ ಒಡೆತನ ಬರುವುದಿಲ್ಲ. ಕೈಹಿಡಿದದ್ದು ಗಿಫ್ಟ್ ಡೀಡ್ (ದಾನಪತ್ರ). ಮೊದಲು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಗೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಜಾಸ್ತಿ ಓಡಾಡಿದ್ದು ಅದಕ್ಕೇ. ಅರ್ಧ ಪಾಲು ಬರೆದುಕೊಟ್ಟೆ. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯ.

ಖುಷಿಯ ವಿಷಯ ಅಂದ್ರೆ, ಮಹಾರಾಷ್ಟ್ರದಲ್ಲಿ ವಾಸದ ಮನೆಯನ್ನು ಹೆಂಡತಿಗೆ ಗಿಫ್ಟ್ ಕೊಟ್ಟರೆ ಸ್ಟ್ಯಾಂಪ್ ಡ್ಯೂಟಿ ಬರೀ 200 ರೂಪಾಯಿ. ಸ್ಥಳೀಯ ಸೆಸ್ ಬೇರೆ, ಮೊದಲೇ ವಿಚಾರಿಸಿಕೊಳ್ಳಿ.

ಡೀಡ್ ಆದ ಮಾತ್ರಕ್ಕೆ ಲೋನ್‌ನಲ್ಲಿ ಹೆಸರು ಸೇರುವುದಿಲ್ಲ. ನಮ್ಮ ಬ್ಯಾಂಕ್ ಅವಳ ಸಂಬಳ, ಸಿಬಿಲ್ (ಕ್ರೆಡಿಟ್ ಸ್ಕೋರ್) ನೋಡಿ ಹೊಸ ಅಗ್ರಿಮೆಂಟ್ ಮಾಡಿಸಿತು.