ಕೆಳಗೆ ಬಿಸಿ, ಮೇಲೆ ತಣ್ಣಗೆ, ಇದು ಹೆಂಗೆ?

ಕಾಫಿತೋಟ_ಹುಡ್ಗ:
ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಭೂಮಿ ಬಿಸಿ ಆಗ್ತಿದೆ, ಸರಿ. ಆದ್ರೆ ಅದೇ ಗ್ಯಾಸಿಂದ ಮೇಲಿರೋ ಥರ್ಮೋಸ್ಫಿಯರ್ (ಸ್ಯಾಟಲೈಟ್‌ಗಳು ಓಡಾಡೋ ತೆಳು ಗಾಳಿಯ ಪದರ) ತಣ್ಣಗಾಗಿ ಕುಗ್ತಿದೆ ಅಂತ ಓದ್ದೆ. ಸ್ಕೂಲಲ್ಲಿ ಕಂಬಳಿ ಹೊದ್ದಂಗೆ ಅಂತ ಹೇಳ್ಕೊಟ್ಟಿದ್ರಲ್ಲ, ಹಂಗಾದ್ರೆ ಎಲ್ಲಾ ಕಡೆ ಬಿಸಿ ಆಗ್ಬೇಕಲ್ವಾ? ಗೊತ್ತಿರೋರು ಸ್ವಲ್ಪ ಹೇಳಿ.

ಫಿಸಿಕ್ಸ್_ಮೇಷ್ಟ್ರು:
ಕಂಬಳಿ ಕಥೆ ಕೆಳಗಷ್ಟೇ ನಡ್ಯೋದು. ಇಲ್ಲಿ ಗಾಳಿ ದಟ್ಟ, ಒಂದು ಅಣು ಬಿಟ್ಟ ಇನ್ಫ್ರಾರೆಡ್‌ನ ಇನ್ನೊಂದು ಹೀರ್ಕೊಳತ್ತೆ. 100 ಕಿ.ಮೀ. ಮೇಲೆ ಹೋದ್ರೆ ಗಾಳಿ ಎಷ್ಟು ತೆಳು ಅಂದ್ರೆ, ಆಕ್ಸಿಜನ್ ಪರಮಾಣು ಬಂದು ಡಿಕ್ಕಿ ಹೊಡ್ದಾಗ ಕಾರ್ಬನ್ ಡೈಆಕ್ಸೈಡ್ ಆ ಶಕ್ತಿ ತಗೊಂಡು 15 ಮೈಕ್ರಾನ್ ತರಂಗದಲ್ಲಿ ಬಿಟ್ಬಿಡತ್ತೆ, ಅದನ್ನ ಹಿಡಿಯೋಕೆ ಮೇಲೆ ಯಾರೂ ಇಲ್ಲ, ಸೀದಾ ಬಾಹ್ಯಾಕಾಶಕ್ಕೆ. ಗ್ಯಾಸ್ ಜಾಸ್ತಿ ಆದಷ್ಟೂ ಶಾಖ ಜಾಸ್ತಿ ಸೋರತ್ತೆ. 1989ರಲ್ಲೇ ರೋಬಲ್, ಡಿಕಿನ್ಸನ್ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿದ್ರು: ಕಾರ್ಬನ್ ಡೈಆಕ್ಸೈಡ್, ಮೀಥೇನ್ ಎರಡೂ ಡಬಲ್ ಆದ್ರೆ ಥರ್ಮೋಸ್ಫಿಯರ್ ಸುಮಾರು 50 ಡಿಗ್ರಿ, ಅದರ ಕೆಳಗಿನ ಮೀಸೋಸ್ಫಿಯರ್ 10 ಡಿಗ್ರಿ ಇಳಿಯತ್ತೆ ಅಂತ.

ಸುಮ್ನೆ_ಕೇಳ್ತೀನಿ:
ಸರ್, ಇದು ಸೂರ್ಯಂದೇ ಆಟ ಇರ್ಬೋದಲ್ವಾ? ಸೂರ್ಯನ ಚಟುವಟಿಕೆ ಏರಿ ಇಳಿಯೋ 11 ವರ್ಷದ ಸೈಕಲ್ ಇದ್ಯಲ್ಲ.

ಫಿಸಿಕ್ಸ್_ಮೇಷ್ಟ್ರು:
ಒಳ್ಳೆ ಪ್ರಶ್ನೆ, ಕಷ್ಟ ಇರೋದೇ ಅಲ್ಲಿ. ಸೈಕಲ್ ಏರಿಳಿತಕ್ಕೆ ಅಲ್ಲಿನ ಉಷ್ಣತೆ ನೂರಾರು ಡಿಗ್ರಿ ಕುಣಿಯತ್ತೆ, ಅದನ್ನ ಕಳೆದು ನೋಡ್ಬೇಕು. ಗಾಳಿ ದಟ್ಟ ಇದ್ದಷ್ಟೂ ಸ್ಯಾಟಲೈಟ್ ಬೇಗ ಕೆಳಗಿಳಿಯತ್ತೆ, ಅದಕ್ಕೇ ಹಳೇ ಸ್ಯಾಟಲೈಟ್‌ಗಳು ದಶಕಗಟ್ಟಲೆ ಎಷ್ಟೆಷ್ಟು ಕೆಳಗಿಳಿದ್ವು ಅನ್ನೋ ಲೆಕ್ಕ ಹಿಡ್ಕೊಂಡು ಕೂತ್ರು. 400 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ದಶಕಕ್ಕೆ ಹತ್ತಿರ ಹತ್ತಿರ 2 ಪರ್ಸೆಂಟ್ ಕಮ್ಮಿ ಆಗ್ತಿದೆ. ಕೇರಳದಲ್ಲಿರೋ ನಮ್ಮ ತುಂಬಾ ರಾಕೆಟ್ ಕೇಂದ್ರದಿಂದಲೂ 70-80ರ ದಶಕದಲ್ಲಿ ವಾರಕ್ಕೊಂದರಂತೆ ರಷ್ಯಾದ ಎಂ-100 ರಾಕೆಟ್ ಹಾರಿಸಿ ಉಷ್ಣತೆ ಅಳೀತಿದ್ರು, ಅದರಲ್ಲೂ ಮೀಸೋಸ್ಫಿಯರ್ ತಣ್ಣಗಾಗಿದ್ದು ಕಾಣ್ಸತ್ತೆ.

ಆರ್ಬಿಟ್_ರಾಣಿ:
ಗಾಳಿ ತೆಳುವಾದ್ರೆ ಸ್ಯಾಟಲೈಟ್‌ಗೆ ಬ್ರೇಕ್ ಕಮ್ಮಿ, ಇಂಧನ ಉಳಿಯತ್ತೆ ಅಂತ ಖುಷಿ ಪಡೋರು ಇದ್ದಾರೆ. ಆದ್ರೆ ಕಸಕ್ಕೂ ಬ್ರೇಕ್ ಇರಲ್ಲವಲ್ಲ! ಕೆಟ್ಟ ಸ್ಯಾಟಲೈಟು, ರಾಕೆಟ್ ಚೂರು ಎಲ್ಲ ಕೆಳಗೆ ಬಿದ್ದು ಸುಟ್ಟು ಹೋಗ್ಬೇಕಾದ್ದು ಇನ್ನೂ ಸುಮಾರು ವರ್ಷ ಅಲ್ಲೇ ಸುತ್ತಾಡತ್ತೆ.

ಸುಮ್ನೆ_ಕೇಳ್ತೀನಿ:
ಮತ್ತೆ 2022ರಲ್ಲಿ ಸ್ಟಾರ್‌ಲಿಂಕ್‌ (ಇಂಟರ್ನೆಟ್ ಕೊಡೋ) ಸ್ಯಾಟಲೈಟ್‌ಗಳು ಸುಮಾರು ಬಿದ್ವಲ್ಲ?

ಆರ್ಬಿಟ್_ರಾಣಿ:
ಅದು ಉಲ್ಟಾ ಕೇಸು. ಸೌರ ಬಿರುಗಾಳಿಗೆ ಗಾಳಿ ಬಿಸಿಯಾಗಿ ಉಬ್ಬಿತ್ತು, ಆಗಷ್ಟೇ ಹಾರಿಸಿದ್ದ 49ರಲ್ಲಿ ಹೆಚ್ಚಿನವು ಇನ್ನೂ ಕೆಳಗೇ ಇದ್ವು, ಸಿಕ್ಕಾಕ್ಕೊಂಡ್ವು. ಅದು ಕೆಲವು ದಿನದ ಮಾತು, ಇಲ್ಲಿ ಮಾತಾಡ್ತಿರೋದು ದಶಕಗಳದ್ದು. ಎರಡನ್ನೂ ಬೆರೆಸ್ಬೇಡಿ ಮಾರಾಯ್ರೆ.