52ರಲ್ಲಿ 27 ಕಳೆದ್ರೆ 35 ಅಂತ ಯಾಕೆ ಬರೀತಾನೆ

ರಶ್ಮಿ, ಇದನ್ನ ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಉದ್ದ ಆಗುತ್ತೆ, ಸೊಪ್ಪು ಬಿಡಿಸ್ತಾ ಕೇಳಿಸ್ಕೋ. ಮನೆಯವರ ಗ್ರೂಪಿಗೆ ಹಾಕಿದ್ಯಲ್ಲ ಪುಟ್ಟನ ನೋಟ್‌ಬುಕ್ ಫೋಟೋ, ನೋಡ್ದೆ. ಎರಡನೇ ಕ್ಲಾಸು, ನೂರರ ತನಕ ಗಡಗಡ ಹೇಳ್ತಾನೆ, ಆದ್ರೆ 52ರಲ್ಲಿ 27 ಕಳೆದು 35 ಅಂತ ಬರ್ದಿದಾನೆ, 38ಕ್ಕೆ 25 ಕೂಡಿ 513 ಅಂತ ಬರ್ದಿದಾನೆ. ಗಮನ ಇಲ್ಲ ಅಂತ ಬೈದೆ ಅಂದ್ಯಲ್ಲ, ಅದು ಗಮನದ್ದಲ್ಲ ಕಣೆ. ಎರಡೂ ತಪ್ಪಿನ ಬೇರು ಒಂದೇ. 2ರಲ್ಲಿ 7 ಹೋಗಲ್ಲ ಅಂತ 7ರಲ್ಲಿ 2 ಕಳೆದು 5 ಬರೆದ, ಆಮೇಲೆ 5ರಲ್ಲಿ 2 ಕಳೆದು 3 ಬರೆದ. ಕೂಡೋದ್ರಲ್ಲಿ 8ಕ್ಕೆ 5 ಸೇರಿಸಿ 13 ಅಂತ ಇದ್ದಂಗೇ ಇಳಿಸ್ದ, 3ಕ್ಕೆ 2 ಸೇರಿಸಿ 5 ಅಂತ ಅದರ ಪಕ್ಕ ಇಟ್ಟ. ಅವನ ಕಣ್ಣಿಗೆ ಅದು ಒಂದು ಲೆಕ್ಕ ಅಲ್ಲ, ಅಕ್ಕಪಕ್ಕ ನಿಂತಿರೋ ಎರಡು ಪುಟ್ಟ ಲೆಕ್ಕ.

ಅನುಮಾನ ಇದ್ರೆ ಇವತ್ತೇ ಪರೀಕ್ಷೆ ಮಾಡು. 35 ಹುಣಸೆಬೀಜ ಎಣಿಸಿ ಕೊಡು, ಎಷ್ಟಿದೆ ಅಂತ ಕಾಗದದ ಮೇಲೆ ಬರೆಸು. ಆಮೇಲೆ 5ರ ಮೇಲೆ ಬೆರಳಿಟ್ಟು 'ಇದು ಯಾವ ಬೀಜ, ತೋರ್ಸು' ಅನ್ನು. ಐದು ತೋರಿಸ್ತಾನೆ, ಸರಿ. 3ರ ಮೇಲೆ ಬೆರಳಿಟ್ಟು ಅದೇ ಕೇಳು. ಮೂರೇ ಮೂರು ಬೀಜ ತೋರ್ಸಿ ಸುಮ್ಮನಾದ್ರೆ ರೋಗ ಎಲ್ಲಿದೆ ಅಂತ ಸಿಕ್ತು ನಮಗೆ. ಮಿಕ್ಕ 27 ಬೀಜ ಎಲ್ಲಿಗೆ ಸೇರಿದ್ದು ಅಂತ ಕೇಳಿದ್ರೆ ಪಿಳಿಪಿಳಿ ನೋಡ್ತಾನೆ. ಆಗ ಬೈಬೇಡ, ಉತ್ತರಾನೂ ಹೇಳಬೇಡ. ಬೀಜ ಎತ್ತಿಡು ಅಷ್ಟೆ. ಹಾಂ, ಚಿಕ್ಕವಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕೋ ವಯಸ್ಸು, ಅವಳು ಮಲಗಿದಾಗ ಬೀಜ ತೆಗಿ.

ಇನ್ನು ಚಿಕ್ಕಪ್ಪ ಅದೇ ಗ್ರೂಪಲ್ಲಿ ಹಾಕಿದಾರೆ, 'ಅಂಗಡಿಗೆ ಕಳಿಸು, ಲೆಕ್ಕ ತಾನಾಗೇ ಬರುತ್ತೆ' ಅಂತ. ಚಿಕ್ಕಪ್ಪ, ಬೇಜಾರ್ ಮಾಡ್ಕೋಬೇಡಿ, ಅರ್ಧ ಮಾತ್ರ ಒಪ್ತೀನಿ. ಒಂದು, ನೀವು ಹೇಳೋ ಅಂಗಡಿ ಈಗ ಇಲ್ಲ. ಫೋನ್ ಹಿಡಿದು ಸ್ಕ್ಯಾನ್ ಮಾಡ್ತೀವಿ, ಟಿಣ್ ಅನ್ನುತ್ತೆ, ಚಿಲ್ಲರೆ ಅನ್ನೋದು ಮಗು ಕಣ್ಣಿಗೇ ಬೀಳಲ್ಲ. ಎರಡು, ಅಂಗಡೀಲಿ ಬಂದ ಲೆಕ್ಕ ಪುಸ್ತಕಕ್ಕೆ ತಾನಾಗೇ ನಡ್ಕೊಂಡು ಬರಲ್ಲ. ಬ್ರೆಜಿಲ್ ದೇಶದ ರೆಸೀಫೆ ಊರಲ್ಲಿ ಬೀದೀಲಿ ವ್ಯಾಪಾರ ಮಾಡೋ ಐದು ಮಕ್ಕಳನ್ನ ಪರೀಕ್ಷೆ ಮಾಡಿ ಸಂಶೋಧಕರು 1985ರಲ್ಲಿ ಬರೆದಿದಾರೆ. ಗಿರಾಕಿ ಥರ ಹೋಗಿ ಕೇಳಿದಾಗ ನೂರಕ್ಕೆ 98 ಪಾಲು ಸರಿ ಉತ್ತರ. ಅದೇ ಮಕ್ಕಳಿಗೆ ಬರೀ ಅಂಕಿ ಬರೆದು ಕೊಟ್ರೆ 37ಕ್ಕೆ ಇಳೀತು. ಒಬ್ಬ 12 ವರ್ಷದ ಹುಡುಗ, ತೆಂಗಿನಕಾಯಿ ಒಂದಕ್ಕೆ 35ರಂತೆ ನಾಲ್ಕಕ್ಕೆ 140 ಅಂತ ಬಾಯಲ್ಲೇ ಹೇಳ್ದ: ಮೂರಕ್ಕೆ 105, ಅದಕ್ಕೆ 30 ಸೇರಿ 135, ಇನ್ನೈದು. ಕಾಗದದ ಮೇಲೆ 35ನ್ನ 4ರಿಂದ ಗುಣಿಸು ಅಂದಾಗ ನಾಲ್ಕೈದ್ಲ 20, ದಶಕ 2, ಆ 2ನ್ನ 3ಕ್ಕೆ ಮೊದಲೇ ಕೂಡಿ 5 ಮಾಡಿ, ನಾಲ್ಕೈದ್ಲ 20 ಅಂತ 200 ಬರೆದ. ನಮ್ಮ ಪುಟ್ಟ ಎಡವಿರೋ ಜಾಗದಲ್ಲೇ ಅವನೂ ಎಡವಿದ್ದು! ನಮ್ಮ ದೇಶದಲ್ಲೂ, ಕೋಲ್ಕತ್ತಾ ಮತ್ತು ದೆಹಲಿ ಮಾರ್ಕೆಟ್ಟುಗಳಲ್ಲಿ ಕೆಲಸ ಮಾಡೋ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದ ತಂಡ 2025ರಲ್ಲಿ ಇದೇ ಮಾತು ಬರೀತು. ವ್ಯಾಪಾರದ ಮಕ್ಕಳಿಗೆ ಶಾಲೆ ಲೆಕ್ಕ ಅಷ್ಟಾಗಿ ಬರಲ್ಲ, ಶಾಲೆ ಮಕ್ಕಳಿಗೆ ವ್ಯಾಪಾರದ ಲೆಕ್ಕ ಅಷ್ಟಾಗಿ ಬರಲ್ಲ. ಮಧ್ಯೆ ಸೇತುವೆ ಇಲ್ಲ. ಅದನ್ನ ನಾವು ಕಟ್ಟಬೇಕು, ಅದರ ಕೆಲಸ ಹೇಗೆ ಅಂತ ಹೇಳ್ತೀನಿ ಕೇಳು.

ಒಂದು ಕಡ್ಡಿಪೊರಕೆ ತಗೋ, ಹೊಸದು. ಹತ್ತು-ಹದಿನೈದು ಕಡ್ಡಿ ಎಳೆದು, ತುದಿಯ ಸಣ್ಣ ಭಾಗ ಬಿಸಾಕಿ, ಬೆರಳುದ್ದಕ್ಕೆ ಕತ್ತರಿಸು. 120 ತುಂಡು ಆದ್ರೆ ಸಾಕು. ಹನ್ನೆರಡು ರಬ್ಬರ್ ಬ್ಯಾಂಡು. ಮೊದಲ ಎರಡು ದಿನ ಲೆಕ್ಕನೇ ಬೇಡ, ಹತ್ತು ಹತ್ತು ಎಣಿಸಿ ಕಟ್ಟೋದು ಮಾತ್ರ, ಅದೂ ಅವನೇ ಕಟ್ಟಬೇಕು. ನೀನು ಕಟ್ಟಿ ಕೊಟ್ರೆ ಆ ಕಟ್ಟು ಅವನಿಗೆ ಒಂದು ದಪ್ಪ ಕಡ್ಡಿ ಅಷ್ಟೆ, ಒಳಗೆ ಹತ್ತಿದೆ ಅಂತ ಕೈಗೆ ಗೊತ್ತಿರಲ್ಲ. ಕಟ್ಟಲ್ಲಿ ಒಂಬತ್ತೋ ಹನ್ನೊಂದೋ ಆಗಿದ್ರೆ ನೀನು ಸರಿ ಮಾಡಬೇಡ. ಇನ್ನೊಂದು ದಿನ ಲೆಕ್ಕ ತಪ್ಪಿದಾಗ ಕಟ್ಟು ಬಿಚ್ಚಿ ಅವನೇ ಕಂಡುಹಿಡೀಲಿ.

ಮೂರನೇ ದಿನ 52 ಇಡು ಅನ್ನು. ಐದು ಕಟ್ಟು, ಎರಡು ಬಿಡಿ. 'ನಂಗೆ 27 ಕೊಡು' ಅನ್ನು. ಅವನು ಎರಡು ಕಟ್ಟು ಮೊದಲು ಕೊಡ್ತಾನೆ. ಪುಸ್ತಕದಲ್ಲಿ ಬಿಡಿಯಿಂದ ಶುರು ಮಾಡೋದು ಅಂತ ತಡೀಬೇಡ, ಕೈಯಲ್ಲಿ ಮಾಡುವಾಗ ಮಕ್ಕಳು ಸಾಮಾನ್ಯವಾಗಿ ದೊಡ್ಡದ್ರಿಂದಲೇ ಶುರು ಮಾಡ್ತಾರೆ. ಈಗ ಮೂರು ಕಟ್ಟು, ಎರಡು ಬಿಡಿ ಉಳೀತು, ಇನ್ನೂ ಏಳು ಬೇಕು. ಇಲ್ಲಿ ನೀನು ಬಾಯಿ ಮುಚ್ಕೊಂಡು ಕೂರಬೇಕು, ಇದೇ ಕಷ್ಟದ ಜಾಗ. ಅರ್ಧ ನಿಮಿಷ, ಒಂದು ನಿಮಿಷ ಒದ್ದಾಡ್ತಾನೆ, ಆಮೇಲೆ ಒಂದು ಕಟ್ಟಿನ ರಬ್ಬರ್ ತೆಗೀತಾನೆ. ಹನ್ನೆರಡು ಬಿಡಿ ಆಯ್ತು, ಏಳು ಕೊಟ್ಟ, ಐದು ಉಳೀತು, ಕಟ್ಟು ಎರಡು. 25.

ಇದನ್ನ 'ಪಕ್ಕದ ಮನೆಯಿಂದ ಒಂದು ಸಾಲ ತಗೊಂಡ್ವಿ' ಅಂತ ಮಾತ್ರ ಹೇಳಬೇಡ, ನಿಂಗೆ ಕೈ ಮುಗೀತೀನಿ. ಒಂದು ಸಾಲ ತಂದ್ರೆ 2 ಇದ್ದಿದ್ದು 3 ಆಗ್ಬೇಕಲ್ವಾ, 12 ಹೇಗಾಯ್ತು? ಮಗು ಹಾಗೆ ಯೋಚನೆ ಮಾಡೋದು ನ್ಯಾಯವೇ. ಅಲ್ದೆ ಸಾಲ ತಂದೋರು ವಾಪಸ್ ಕೊಡಬೇಕು, ಇಲ್ಲಿ ಯಾರೂ ಕೊಡಲ್ಲ. 'ಕಟ್ಟು ಬಿಚ್ಚಿದೆ' ಅನ್ನು. ಕೂಡೋದ್ರಲ್ಲಿ 'ಕಟ್ಟು ಕಟ್ಟಿದೆ' ಅನ್ನು. ದಶಕ ಅನ್ನೋ ಮಾತು ಶಾಲೇಲಿ ಬಂದಾಗ ಆ ಕಟ್ಟಿನ ಹೆಸರು ಅಂತ ಹೇಳಿದ್ರೆ ಆಯ್ತು.

ಕೂಡೋದಕ್ಕೆ ಮೊಟ್ಟೆ ಟ್ರೇ ಬೇಕು. ಆ ರಟ್ಟಿನ ಟ್ರೇ ಇರುತ್ತಲ್ಲ ಮೂವತ್ತರದ್ದು, ಒಂದು ಕಡೆ ಐದು, ಇನ್ನೊಂದು ಕಡೆ ಆರು ಗುಳಿ. ಐದೈದರ ಎರಡು ಸಾಲು ಕತ್ತರಿಸ್ಕೋ, ಹತ್ತು ಗುಳಿ. ಎಂಟು ಬೀಜ ಹಾಕ್ಸು, ಇನ್ನೈದು ಅಂಗೈಗೆ ಕೊಡು. ಎರಡು ಗುಳಿ ಖಾಲಿ ಕಾಣುತ್ತೆ, ಎರಡು ಅಲ್ಲಿಗೆ ಹೋಗುತ್ತೆ, ಕೈಯಲ್ಲಿ ಮೂರು. ತುಂಬಿದ ಟ್ರೇ ಅಂದ್ರೆ ಒಂದು ಕಟ್ಟು. 8ಕ್ಕೆ 5 ಯಾಕೆ 13 ಅಂತ ಇದಕ್ಕಿಂತ ಚೆನ್ನಾಗಿ ಯಾವ ದುಬಾರಿ ಆಟದ ಸಾಮಾನೂ ತೋರಿಸಲ್ಲ. ಇದು ಕೂತ ಮೇಲೆ 38ಕ್ಕೆ 25 ಕೂಡಿಸು. ಮೂರು ಕಟ್ಟು, ಎರಡು ಕಟ್ಟು, ಬಿಡಿಗಳಿಂದ ಹೊಸದಾಗಿ ಇನ್ನೊಂದು ಕಟ್ಟು, ಉಳಿದಿದ್ದು ಮೂರು. 63.

ಈಗ ನಿಜವಾದ ಸೇತುವೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಲ್ಲಿ ಬುನಾದಿ ಹಂತಕ್ಕೆ, ಅಂದ್ರೆ ಎರಡನೇ ಕ್ಲಾಸಿನ ತನಕ, ಗಣಿತ ಕಲಿಸೋಕೆ ಅಂತ ನಾಲ್ಕು ಮೆಟ್ಟಿಲು ಹೇಳಿದಾರೆ: ಅನುಭವ, ಮಾತು, ಚಿತ್ರ, ಸಂಕೇತ. ಮನೇಲಿ ನಾವೆಲ್ಲ ಮಾಡೋ ತಪ್ಪು ಅಂದ್ರೆ ಮೊದಲನೇದರಿಂದ ಕೊನೇದಕ್ಕೆ ಹಾರೋದು. ಸೋಮವಾರ ಕಡ್ಡಿ ಆಟ, ಶನಿವಾರ ನೋಟ್‌ಬುಕ್. ಅವೆರಡೂ ಒಂದೇ ಅಂತ ಆ ಮಗುಗೆ ಹೇಗೆ ಗೊತ್ತಾಗ್ಬೇಕು? ಒಂದೇ ಲೆಕ್ಕ, ಒಂದೇ ಸಲ ಕೂತಾಗ, ನಾಲ್ಕೂ ಥರ ಆಗ್ಬೇಕು. ಕಡ್ಡೀಲಿ ಮಾಡ್ದ. ಏನು ಮಾಡ್ದೆ ಅಂತ ಬಾಯಲ್ಲಿ ಹೇಳ್ದ, 'ಒಂದು ಕಟ್ಟು ಬಿಚ್ಚಿದೆ, ಹನ್ನೆರಡಾಯ್ತು'. ಚಿತ್ರ ಬರೆದ, ಕಟ್ಟಿಗೆ ಉದ್ದ ಗೀಟು, ಬಿಡಿಗೆ ಚುಕ್ಕಿ, ಬಿಚ್ಚಿದ ಗೀಟಿನ ಮೇಲೆ ಅಡ್ಡಗೆರೆ ಹಾಕಿ ಪಕ್ಕ ಹತ್ತು ಚುಕ್ಕಿ. ಅದರ ಕೆಳಗೇ ಅಂಕಿಯಲ್ಲಿ: 5 ಹೊಡೆದು 4, 2 ಹೊಡೆದು 12. ಪ್ರತಿ ಅಂಕಿ ಹೊಡೆದಾಗ್ಲೂ 'ಇದು ಚಿತ್ರದಲ್ಲಿ ಎಲ್ಲಿದೆ' ಅಂತ ಬೆರಳಿಟ್ಟು ತೋರಿಸ್ಬೇಕು. ದಿನಕ್ಕೆ ಹದಿನೈದು ನಿಮಿಷ, ಮೂರು ಲೆಕ್ಕ. ಇಪ್ಪತ್ತು ಲೆಕ್ಕ ಹಾಕ್ಸಿದ್ರೆ ಮೂರನೇದಕ್ಕೇ ಯೋಚನೆ ನಿಲ್ಸಿ ಕೈ ಮಾತ್ರ ಓಡ್ಸ್ತಾನೆ. ಕಡ್ಡಿ ಯಾವಾಗ ಬಿಡೋದು ಅಂದ್ರೆ, ಅವನೇ 'ಬೇಡ, ಚಿತ್ರ ಸಾಕು' ಅಂದಾಗ. ಬೆರಳಲ್ಲಿ ಎಣಿಸಿದ್ರೂ ಬೈಬೇಡ.

ದುಡ್ಡು ಇದೆಲ್ಲ ಆದ ಮೇಲೆ. ಹತ್ತರ ನೋಟಿನ ಒಳಗೆ ಹತ್ತು ಒಂದು ರೂಪಾಯಿ ಕಾಣಲ್ಲ, ನಂಬ್ಕೋಬೇಕು ಅಷ್ಟೆ. ಕಟ್ಟಿನ ಹಾಗೆ ಬಿಚ್ಚೋಕಾಗಲ್ಲ, ಬದಲಾಯಿಸ್ಬೇಕು. ಹತ್ತರ ನೋಟು, ಒಂದರ ನಾಣ್ಯ ಇವೆರಡೇ ಇರ್ಲಿ ಮೊದಲ ವಾರ. ಐದರದ್ದು, ಎರಡರದ್ದು ಸೇರಿಸಿದ್ರೆ ನಾಣ್ಯ ಎಷ್ಟಿದೆ ಅಂತ ಎಣಿಸ್ತಾನೆ, ರೂಪಾಯಿ ಅಲ್ಲ. ಆಮೇಲೆ ಚಿಕ್ಕಪ್ಪ ಹೇಳಿದ ಅಂಗಡಿ ಆಟ, ಮನೇಲೇ. 27 ರೂಪಾಯಿ ಸಾಮಾನು, 50 ಕೊಟ್ಟ. ಅಂಗಡಿಯೋರು ಕಳೆಯಲ್ಲ, ಮುಂದಕ್ಕೆ ಎಣಿಸ್ತಾರೆ: 28, 29, 30, ಮೂರು ರೂಪಾಯಿ. 40, 50, ಇಪ್ಪತ್ತು. ಒಟ್ಟು 23. ಇದು ಪುಸ್ತಕದ ದಾರಿ ಅಲ್ಲ, ಆದ್ರೆ ತಪ್ಪೂ ಅಲ್ಲ. ಒಂದು ಗೆರೆ ಎಳೆದು 27, 30, 50 ಗುರುತು ಹಾಕಿ ಆ ಎರಡು ಹಾರಿಕೆ ಬರೆಸು. ಆಮೇಲೆ ಅದೇ ಲೆಕ್ಕ ಕಟ್ಟು ಬಿಚ್ಚಿ ಮಾಡ್ಸು. ಎರಡು ದಾರೀಲೂ 23 ಬಂತು ಅಂತ ಅವನ ಕಣ್ಣಿಗೆ ಬೀಳ್ಲಿ.

ಇನ್ನೊಂದು ಸಣ್ಣದು. ಅವನು 'ಎಂಬತ್ತು' ಅಂದ್ರೆ 9 ಬರೀತಾನೆ ಅಂದ್ಯಲ್ಲ. ಎಂಬತ್ತು, ಒಂಬತ್ತು, ತೊಂಬತ್ತು ಕಿವಿಗೆ ಅಣ್ಣತಮ್ಮಂದಿರು. ಮೂರರ ಕೊನೇಲೂ ಹತ್ತರ ಸದ್ದು ಕೇಳುತ್ತೆ, ಒಂಬತ್ತರಲ್ಲಿ ಮಾತ್ರ ಒಂದು ಹತ್ತೂ ಇಲ್ಲ. ಮಿಕ್ಕಿದ್ದೆಲ್ಲ ಕನ್ನಡ ಚೆನ್ನಾಗೇ ಹೇಳ್ಕೊಡುತ್ತೆ, ಐವತ್ತೆರಡು ಅಂದ್ರೆ ಐದು ಹತ್ತು, ಮೇಲೆ ಎರಡು, ಬರೆಯೋ ಕ್ರಮದಲ್ಲೇ ಇದೆ. ಒಂದು ವಾರ 52 ಅಂತ ಕಂಡಾಗೆಲ್ಲ 'ಐದು ಹತ್ತು ಎರಡು' ಅಂತಲೇ ಓದ್ಸು, 80ನ್ನ 'ಎಂಟು ಹತ್ತು'.

ಮಗ್ಗಿ ಬಗ್ಗೆ ಅತ್ತೆ ಕೇಳಿದ್ರು, ಬಾಯಿಪಾಠ ಬಿಡಿಸ್ಬೇಕಾ ಅಂತ. ಬೇಡ ಅತ್ತೆ, ಎರಡೊಂದ್ಲ ಎರಡು ನಡೀಲಿ. ಜೊತೆಗೆ ಇಡ್ಲಿ ಸ್ಟ್ಯಾಂಡ್ ತೋರ್ಸಿ, ತಟ್ಟೆಗೆ ನಾಲ್ಕು, ಮೂರು ತಟ್ಟೆ, ಎಷ್ಟು ಇಡ್ಲಿ. ನಿಮ್ಮ ಚುಕ್ಕಿ ರಂಗೋಲಿ ಅಂತೂ ಇನ್ನೂ ಚೆಂದ. ನೇರ ಚುಕ್ಕಿ 7ರಿಂದ 1 ಅಂದ್ರೆ 1, 3, 5, 7, 5, 3, 1, ಒಟ್ಟು 25. ಸಂದು ಚುಕ್ಕಿ 7ರಿಂದ 4 ಅಂದ್ರೆ 4, 5, 6, 7, 6, 5, 4, ಒಟ್ಟು 37. ಇಡೋ ಮುಂಚೆ 'ಎಷ್ಟಾಗ್ಬಹುದು' ಅಂತ ಊಹೆ ಕೇಳಿ, ಆಮೇಲೆ ಎಣಿಸ್ಲಿ. ಎರಡೂ ಕಡೆ ಒಂದೇ ಥರ ಇದೆ, ಒಂದು ಕಡೆ ಎಣಿಸಿ ದುಪ್ಪಟ್ಟು ಮಾಡಿದ್ರೆ ಆಯ್ತು, ನಡೂ ಸಾಲು ಮಾತ್ರ ಒಂದೇ ಸಲ ಅಂತ ಅವನಿಗೇ ಹೊಳೆದ್ರೆ ಒಂದು ಬೆಲ್ಲದ ಚೂರು ಕೊಡಿ.

ಕಾಲು, ಅರ್ಧ, ಮುಕ್ಕಾಲು ಈಗಲೇ ಪುಸ್ತಕದಲ್ಲಿ ಬೇಡ, ಚಪಾತಿ ಮುರಿಯುವಾಗ ಬಾಯಲ್ಲಿ ಬಂದ್ರೆ ಸಾಕು, ಮುಕ್ಕಾಲು ಅಂದ್ರೆ ಮೂರು ಕಾಲು ಅಂತ. ತರಕಾರಿ ಅಂಗಡಿ ತಕ್ಕಡೀಲಿ 0.250 ಅಂತ ಬರೋದನ್ನ ಓದಿಸೋಕ್ ಹೋಗ್ಬೇಡ. ಕಂಡಿದ್ದಕ್ಕೆಲ್ಲ 'ಇದೆಷ್ಟು, ಅದೆಷ್ಟು' ಅಂತ ಕೇಳ್ತಾ ಇದ್ರೂ ಮಗು ನಮ್ಮನ್ನ ಕಂಡ್ರೆ ಓಡುತ್ತೆ. ಉತ್ತರ ನಿಜವಾಗ್ಲೂ ಬೇಕಾದಾಗ ಕೇಳು, ಐದು ಜನಕ್ಕೆ ಎರಡೆರಡು ಚಪಾತಿ, ಎಷ್ಟು ಉಂಡೆ ಮಾಡ್ಲಿ ಅಂತ.

ಹತ್ತು ದಿನ ಆದ್ಮೇಲೆ ಈ ಮೂರು ಲೆಕ್ಕ ಕಡ್ಡಿ ಇಲ್ದೇ ಹಾಕ್ಸಿ ಫೋಟೋ ಕಳಿಸು: 41ರಲ್ಲಿ 18, 60ರಲ್ಲಿ 24, 47ಕ್ಕೆ 36. ಉತ್ತರ 23, 36, 83. ಮೊದಲನೇದಕ್ಕೆ 37, ಮೂರನೇದಕ್ಕೆ 713 ಬರೆದ್ರೆ ಕಟ್ಟು ಇನ್ನೂ ತಲೆಗೆ ಹೋಗಿಲ್ಲ, ಇನ್ನೊಂದು ವಾರ ಕಡ್ಡಿ. ಅವೆರಡೂ ಸರಿಯಾಗಿ, 60ರದ್ದಕ್ಕೆ ಮಾತ್ರ 44 ಅಂದ್ರೆ ಸೊನ್ನೆ ತೊಂದ್ರೆ, ಆರು ಕಟ್ಟು ಇದ್ದು ಒಂದೂ ಬಿಡಿ ಇಲ್ಲದ್ದನ್ನ ಅವನು ಮಾಡಿಲ್ಲ ಅಂತ ಅರ್ಥ. ಆಗ 30, 50, 70ರಿಂದ ಶುರುವಾಗೋ ಲೆಕ್ಕ ಮಾತ್ರ ಎರಡು ದಿನ ಕೊಡು.