ಕಲ್ಯಾಣಿ ಹೂಳೆತ್ತೋಕೆ ಸಣ್ಣ ಅನುದಾನ: ಅರ್ಜಿಗೆ ಮೊದಲು ಏನೇನು ಸಿದ್ಧ ಮಾಡ್ಕೋಬೇಕು?

ಊರಕಲ್ಯಾಣಿ:
ತುಮಕೂರು ಜಿಲ್ಲೆಯ ಹಳ್ಳಿ. ದೇವಸ್ಥಾನದ ಪಕ್ಕ 60×60 ಅಡಿಯ ಕಲ್ಲಿನ ಕಲ್ಯಾಣಿ ಇದೆ. ಸುಮಾರು ಮೂರಡಿ ಹೂಳು, ಒಂದು ಕಡೆ ಮೆಟ್ಟಿಲ ಸಂದಿಯಲ್ಲಿ ಅರಳಿ ಬೇರು. ನಮ್ಮ ಯುವಕ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆ. ಪ್ಯಾನ್, ಬ್ಯಾಂಕ್ ಖಾತೆ ಇವೆ. ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿಯ 12ಎ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸೋ 80ಜಿ ನೋಂದಣಿ ಇಲ್ಲ. ಎರಡು ಲಕ್ಷದೊಳಗೆ ಮುಗಿಯಬಹುದು ಅಂತ ಅಂದಾಜು. ಮೂರು ಪ್ರಶ್ನೆ: ಕಂಪನಿಯೊಂದರ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ) ನೇರ ಕೇಳಬಹುದಾ? ಅಮೆರಿಕದಲ್ಲಿರೋ ಊರಿನವರೊಬ್ಬರು 50 ಸಾವಿರ ಕಳಿಸ್ತೀನಿ ಅಂತಿದ್ದಾರೆ, ಸಂಘದ ಖಾತೆಗೆ ಹಾಕಿಸ್ಕೋಬಹುದಾ? ಬಜೆಟ್ ಹೇಗೆ ಬರೀಬೇಕು?

ಹಳೇಲೆಕ್ಕಿಗ:
ಸಿಎಸ್‌ಆರ್ ನೇರವಾಗಿ ಸಿಗಲ್ಲ ಸರ್. ಹೊರಗಿನ ಸಂಘವೊಂದು ಕಂಪನಿ ಪರವಾಗಿ ಕೆಲಸ ಮಾಡಬೇಕಾದರೆ 12ಎ, 80ಜಿ ಎರಡೂ ಇರಬೇಕು, ಅದೇ ಥರದ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು, ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು (2021ರ ಏಪ್ರಿಲ್‌ನಿಂದ ಇದು ಕಡ್ಡಾಯ). ಇದೆಲ್ಲ ಇರೋ ಟ್ರಸ್ಟ್ ಒಂದನ್ನ ನಿಮ್ಮ ತಾಲ್ಲೂಕಲ್ಲೇ ಹುಡುಕಿ. ಹಣ ಅವರ ಖಾತೆಗೆ ಬರುತ್ತೆ, ಖರ್ಚು ಅವರೇ ಮಾಡ್ತಾರೆ, ದುಡಿಮೆ ನಿಮ್ಮದು. ಎಡವಟ್ಟಾಗೋದು ಬಿಲ್‌ನಲ್ಲಿ: ಟ್ರ್ಯಾಕ್ಟರಿನವರು ಅಭ್ಯಾಸಬಲದಿಂದ ನಿಮ್ಮ ಸಂಘದ ಹೆಸರಿಗೆ ಬಿಲ್ ಬರೆದುಬಿಡ್ತಾರೆ, ಟ್ರಸ್ಟಿನ ಆಡಿಟರ್ ಅದನ್ನ ಪಕ್ಕಕ್ಕಿಡ್ತಾರೆ. ಯಾರು ಯಾವುದಕ್ಕೆ ಹೊಣೆ ಅಂತ ಒಂದು ಪುಟದ ಒಪ್ಪಂದ ಮೊದಲೇ ಮಾಡ್ಕೊಳ್ಳಿ.

ಅಮೆರಿಕದವರ ವಿಷಯಕ್ಕೆ ಒಂದೇ ಪ್ರಶ್ನೆ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದೇ ಆಗಿದ್ದು, ಸ್ವಂತ ಉಳಿತಾಯವನ್ನ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ, ಒಂದು ಪತ್ರ ತಗೊಂಡು ಫೈಲಿಗೆ ಹಾಕಿ. ಅಮೆರಿಕದ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ದರೂ, ವಿದೇಶಿ ಮೂಲವೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘ ನೂರು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಊರಲ್ಲಿರೋ ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಸಂಘಕ್ಕೆ ಕೊಡಿಸೋ ಉಪಾಯವನ್ನ ಯಾರಾದರೂ ಹೇಳ್ತಾರೆ. ಬೇಡ. ಕೈ ಬದಲಾದರೂ ಕಾಯ್ದೆ ಪ್ರಕಾರ ಅದು ವಿದೇಶಿ ದೇಣಿಗೆಯೇ.

ಇನ್ನೊಂದು, ನೋಂದಣಿ ಆಗಿದ್ದರೆ ಸಾಲದು. ವಾರ್ಷಿಕ ಸಭೆ ಆಗಿ 14 ದಿನದೊಳಗೆ ನಿಮ್ಮ ಸಂಘಗಳ ನೋಂದಣಿ ಕಾಯ್ದೆಯ ಕಲಂ 13ರ ಪ್ರಕಾರ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟೋ ಸಂಘಗಳು ಇದನ್ನ ವರ್ಷಗಟ್ಟಲೆ ಬಾಕಿ ಇಟ್ಟಿರುತ್ತವೆ. ಅನುದಾನ ಕೊಡೋರು ನವೀಕರಣ ಕೇಳಿದಾಗಲೇ ನೆನಪಾಗೋದು, ಆಮೇಲೆ ದಂಡ ಕಟ್ಟಿಕೊಂಡು ಓಡಾಟ.

ಚಪ್ಪಡಿಕಲ್ಲು:
ಅದಕ್ಕೂ ಮೊದಲು, ಕಲ್ಯಾಣಿ ಯಾರದ್ದು? ಪಹಣಿ, ಗ್ರಾಮನಕ್ಷೆ ತೆಗೆಸಿ. ಪಂಚಾಯಿತಿಯದಾದರೆ ಪಂಚಾಯಿತಿ ಠರಾವು ಮತ್ತು ನಿರಾಕ್ಷೇಪಣಾ ಪತ್ರ. ಮುಜರಾಯಿ ದೇವಸ್ಥಾನದ್ದಾದರೆ ತಹಶೀಲ್ದಾರ್ ಕಚೇರಿಯಿಂದ ಶುರು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ, ಅಥವಾ ಅಂಥದ್ದರಿಂದ 100 ಮೀಟರ್ ಒಳಗಿದ್ದರೆ, ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕಬೇಡಿ.

ನೀರನ್ನ ಒಂದೇ ದಿನ ಪಂಪ್ ಮಾಡಿ ಖಾಲಿ ಮಾಡೋದು ದೊಡ್ಡ ತಪ್ಪು. ಗೋಡೆ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತೆ. ಮುಂದಿನ ನೀರಿನ ಒತ್ತಡ ಹಠಾತ್ತನೆ ಹೋದರೆ ಕಲ್ಲು ಒಳಕ್ಕೆ ಉಬ್ಬಿ ಬೀಳುತ್ತೆ. ದಿನಕ್ಕೆ ಒಂದಡಿ ಇಳಿಸಿ ಸಾಕು. ಜೆಸಿಬಿಯನ್ನ ಮೆಟ್ಟಿಲ ಹತ್ತಿರ ಬಿಡಬೇಡಿ. ಅರಳಿ ಬೇರನ್ನ ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತೆ. ಕತ್ತರಿಸಿ, ಚಿಗುರಿದಂತೆಲ್ಲ ಮತ್ತೆ ಕತ್ತರಿಸಬೇಕು. ಸಂದಿಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ. ಸಿಮೆಂಟ್ ಹಾಕಿದರೆ ಹಿಂದಿನ ನೀರು ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ತಳ್ಳುತ್ತೆ.

ರಸೀದಿಪುಸ್ತಕ:
ಬಜೆಟ್ ಬಗ್ಗೆ. 60×60 ಅನ್ನೋದು ಮೇಲಿನ ಅಂಚಿನ ಅಳತೆ ಇರಬೇಕು. ಅದನ್ನೇ ಮೂರಡಿಗೆ ಗುಣಿಸಿದರೆ 10,800 ಘನ ಅಡಿ. ಆದರೆ ಮೆಟ್ಟಿಲು ಒಳಕ್ಕೆ ಬರ್ತಾ ಬರ್ತಾ ತಳ 36×36 ಆಗಿದ್ದರೆ ಹೂಳು ಸುಮಾರು 3,900 ಘನ ಅಡಿ ಅಷ್ಟೇ. ಅಗೆದ ಮಣ್ಣು ಸಡಿಲವಾಗಿ ಉಬ್ಬೋದಕ್ಕೆ ನೂರಕ್ಕೆ ಇಪ್ಪತ್ತು ಸೇರಿಸಿ, ನೂರು ಘನ ಅಡಿಯ ಟ್ರೇಲರಿಗೆ 47 ಲೋಡ್. ಮೊದಲಿನ ಲೆಕ್ಕದಲ್ಲಿ 130 ಆಗ್ತಿತ್ತು! ಪರಿಶೀಲಿಸೋರು ಎಂಜಿನಿಯರ್ ಆಗಿದ್ದರೆ ಅರ್ಜಿ ಅಲ್ಲೇ ಬಿತ್ತು. ಬಿದಿರಿನ ಕೋಲು ಇಳಿಸಿ ನಾಲ್ಕೈದು ಕಡೆ ತಳದ ಆಳ, ಹೂಳಿನ ಆಳ ಬೇರೆ ಬೇರೆ ಅಳೆಯಿರಿ.

ಶ್ರಮದಾನವನ್ನ ಸಂಘದ ಪಾಲು ಅಂತ ತೋರಿಸಿ, ಆದರೆ ಪ್ರಾಮಾಣಿಕವಾಗಿ. 30 ಜನ, 8 ಭಾನುವಾರ, ಬೆಳಿಗ್ಗೆ ಮಾತ್ರ ಅಂದರೆ 240 ಅರ್ಧ ದಿನ, ಅಂದರೆ 120 ದಿನ. 2025-26ರ ನರೇಗಾ ಕೂಲಿ 370 ರೂ. ಹಿಡಿದರೆ 44,400. ಹಾಜರಿ ಪುಸ್ತಕದಲ್ಲಿ ಸಹಿ ಇರಲಿ.

ಮಂಜೂರಾತಿ ಪತ್ರದ ತಾರೀಖಿಗಿಂತ ಹಿಂದಿನ ಬಿಲ್ಲನ್ನ ಸಾಮಾನ್ಯವಾಗಿ ಒಪ್ಪಲ್ಲ. ಕೊನೆ ಕಂತು, ಹಣ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೇ ಬರೋದು ಹೆಚ್ಚು, ಹಾಗಾಗಿ ಟ್ರ್ಯಾಕ್ಟರಿನವರಿಗೆ ಬಾಕಿ ತಿಂಗಳು ತಡವಾಗುತ್ತೆ ಅಂತ ಮೊದಲೇ ಹೇಳಿಬಿಡಿ. 5,000 ದಾಟಿದ ನಗದು ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಬೇಕು. ಫೋಟೋ ತೆಗೆಯೋ ಜಾಗಕ್ಕೆ ಬಣ್ಣದ ಗುರುತು ಹಾಕಿ; ಮೊದಲು, ನಡುವೆ, ಕೊನೆಗೆ ಅಲ್ಲಿಂದಲೇ ತೆಗೀರಿ.

ಊರಕಲ್ಯಾಣಿ:
ತುಂಬಾ ಉಪಯೋಗ ಆಯ್ತು. ತಳ ಅಳೆದೇ ಇರಲಿಲ್ಲ. ಹೂಳನ್ನ ರೈತರು ಹೊಲಕ್ಕೆ ಕೇಳ್ತಿದ್ದಾರೆ, ಕೊಡಬಹುದಾ? ಸಾಗಣೆ ಅವರದೇ ಅಂತಾರೆ.

ಚಪ್ಪಡಿಕಲ್ಲು:
ಸಾಗಣೆ ಅವರದಾದರೆ ನಿಮ್ಮ ಬಜೆಟ್ಟಿನ ದೊಡ್ಡ ಬಾಬ್ತೇ ಇಳಿಯುತ್ತೆ, ಕೇಳೋ ಮೊತ್ತ ಕಡಿಮೆ ಮಾಡಿ. ಯಾರಿಗೆ ಎಷ್ಟು ಲೋಡ್ ಅಂತ ಪಂಚಾಯಿತಿ ಗಮನಕ್ಕೆ ತಂದು ಪಟ್ಟಿ ಇಡಿ. ಆದರೆ ಅಲ್ಲಿ ಗಣಪತಿ ಬಿಡ್ತಿದ್ದರಾ? ಬಣ್ಣದ ಮೂರ್ತಿ ಬಿಟ್ಟಿದ್ದರೆ ಹೂಳಲ್ಲಿ ಸೀಸದಂಥ ಲೋಹ ಇರಬಹುದು. ಮಾದರಿಯನ್ನ ಪ್ರಯೋಗಾಲಯಕ್ಕೆ ಕೊಡುವಾಗ ಭಾರ ಲೋಹದ ಪರೀಕ್ಷೆ ಅಂತಲೇ ಕೇಳಿ, ಮಾಮೂಲಿ ಮಣ್ಣುಪರೀಕ್ಷೆಯಲ್ಲಿ ಅದು ಬರಲ್ಲ. ಆ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.